ಫೌಲ್ ಮಾಡದ ತಂಡ

"ಬುದ್ಧಿ, ಮಕ್ಕಳನ್ನು ಗೆಲ್ಲಿಸಬೇಕಾದರೆ ಎಷ್ಟು ಹೆದರಿಸಬೇಕು?"

ಮಠದ ವಿದ್ಯಾರ್ಥಿನಿಲಯದ ಹುಡುಗರಿಗೆ ಕಬಡ್ಡಿ ಕಲಿಸುತ್ತಿದ್ದ ಶಿಷ್ಯನೊಬ್ಬ ಗುರುಗಳನ್ನು ಹೀಗೆ ಕೇಳಿದ. ಅವನ ತಂಡ ಹಿಂದಿನ ದಿನ ಹೋಬಳಿ ಮಟ್ಟದಲ್ಲಿ ಸೋತು ಬಂದಿತ್ತು.

ಗುರುಗಳು, "ಈಗ ಎಷ್ಟು ಹೆದರಿಸುತ್ತಿದ್ದೀಯೆ?" ಎಂದರು.

"ನಾನು ಹೊಡೆಯುವವನಲ್ಲ ಬುದ್ಧಿ. ಇದುವರೆಗೆ ಒಬ್ಬನ ಮೇಲೂ ಕೈಯೆತ್ತಿಲ್ಲ. ಸೋತ ದಿನ ಟೆಂಪೋದಲ್ಲಿ ಯಾರೂ ಮಾತಾಡಬಾರದು ಎಂಬ ನಿಯಮ ಮಾತ್ರ ಇಟ್ಟಿದ್ದೇನೆ. ನಿನ್ನೆ ಮಠ ಮುಟ್ಟುವವರೆಗೂ ಒಬ್ಬನೂ ಬಾಯಿ ಬಿಡಲಿಲ್ಲ."

"ಅದರಿಂದ ಏನು ಬಂತು?"

"ಶಿಸ್ತು ಬಂತು. ಗೆಲುವು ಬರಲಿಲ್ಲ. ಹೆದರಿಕೆ ಜಾಸ್ತಿಯಾಯಿತು ಎಂದು ಕೆಲವರು ಹೇಳುತ್ತಾರೆ, ಸಾಲದು ಎಂದು ಕೆಲವರು. ಸರಿಯಾದ ಅಳತೆ ಯಾವುದೆಂದು ತಾವು ಹೇಳಬೇಕು."

ಗುರುಗಳು ಯಾವ ಆಟವನ್ನೂ ಆಡಿದವರಲ್ಲ. ಹಾಗಿದ್ದೂ ಆಟದ ಬಗ್ಗೆ ಅವರಿಗೆ ಗಟ್ಟಿ ಅಭಿಪ್ರಾಯಗಳಿರಲಿಲ್ಲ. ಇದು ಅಪರೂಪ. ಅವರು ಅಳತೆ ಹೇಳಲಿಲ್ಲ, ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಂಪೈರ್ ಇದ್ದ. ಖೋ ಖೋ ಆಟಕ್ಕೆ ತೀರ್ಪು ಕೊಡುವುದು ಅವನ ಕೆಲಸ. ಪ್ರಾಮಾಣಿಕ ಮನುಷ್ಯ. ಸೀಟಿ ಊದಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡವನಲ್ಲ. ಅವನ ತೀರ್ಪು ಎಂದೂ ತಪ್ಪಿರಲಿಲ್ಲ, ಅಥವಾ ತಪ್ಪಿದೆ ಎಂದು ಹೇಳಿದವರು ಹೆಚ್ಚು ಹೊತ್ತು ಅಂಕಣದಲ್ಲಿ ಉಳಿದಿರಲಿಲ್ಲ.

ವಯಸ್ಸಾಗಿ ಮೊಣಕಾಲು ನೋವು ಬಂದಾಗ ಅವನು ಆ ಕೆಲಸ ಬಿಟ್ಟ. ಊರ ಪ್ರೌಢಶಾಲೆಯವರು ಅವನನ್ನು ಕರೆದು ಹುಡುಗಿಯರ ಖೋ ಖೋ ತಂಡವನ್ನು ಒಪ್ಪಿಸಿದರು. ಆಟದ ನಿಯಮಗಳನ್ನು ಬಲ್ಲವನು ಆಟವನ್ನು ಕಲಿಸಬಲ್ಲ ಎಂದು ಅವರು ಭಾವಿಸಿದರು. ಅವನೂ ಹಾಗೆಯೇ ಭಾವಿಸಿದ.

ಆಟ ನಿನಗೆ ಗೊತ್ತಿರಬಹುದು. ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ. ಎರಡು ಕಂಬಗಳ ನಡುವೆ ಒಂದು ತಂಡದವರು ಸಾಲಾಗಿ ಕುಳಿತಿರುತ್ತಾರೆ, ಒಬ್ಬಳು ಆ ಕಡೆಗೆ ಮುಖ ಮಾಡಿ, ಪಕ್ಕದವಳು ಈ ಕಡೆಗೆ. ಅದೇ ತಂಡದ ಇನ್ನೊಬ್ಬಳು ಎದುರು ತಂಡದ ಓಟಗಾರ್ತಿಯನ್ನು ಅಟ್ಟಿಸಿಕೊಂಡು ಓಡುತ್ತಿರುತ್ತಾಳೆ. ಕುಳಿತವರ ಸಾಲನ್ನು ಅವಳು ದಾಟುವಂತಿಲ್ಲ. ಓಟಗಾರ್ತಿ ಆಚೆಗೆ ನುಸುಳಿದರೆ, ಕುಳಿತವಳೊಬ್ಬಳ ಹಿಂದಿನಿಂದ ಬಂದು ಬೆನ್ನು ಮುಟ್ಟಿ 'ಖೋ' ಎನ್ನಬೇಕು. ಆಗ ಕುಳಿತವಳು ಎದ್ದು ಅಟ್ಟಬೇಕು, ಬಂದವಳು ಅಲ್ಲಿ ಕೂರಬೇಕು. ಬೆನ್ನ ಹಿಂದೆ ಬರುವವಳು ಕುಳಿತವಳಿಗೆ ಕಾಣುವುದಿಲ್ಲ. ಖೋ ಬರುವ ಮೊದಲೇ ಎದ್ದರೆ ಫೌಲ್. ತಡವಾಗಿ ಎದ್ದರೆ ಫೌಲ್ ಇಲ್ಲ, ಹಿಡಿಯಬೇಕಾದವಳು ಮಾತ್ರ ಅಲ್ಲಿರುವುದಿಲ್ಲ.

ತರಬೇತುದಾರ ಮೊದಲ ದಿನ ಮೈದಾನಕ್ಕೆ ಬಂದು ನಿಂತ. ಹುಡುಗಿಯರು ಆಡಿದರು. ಅವನ ಕಣ್ಣಿಗೆ ಬರೀ ಫೌಲ್ ಕಂಡಿತು. ಅಷ್ಟು ವರ್ಷ ಅದನ್ನೇ ನೋಡಿದ ಕಣ್ಣು, ಬೇರೆ ಏನನ್ನೂ ನೋಡಲು ಯಾರೂ ಅದಕ್ಕೆ ಹೇಳಿರಲಿಲ್ಲ.

ಅವನು ಯಾರಿಗೂ ಹೊಡೆಯಲಿಲ್ಲ, ನಿನ್ನ ಹಾಗೆಯೇ. ಕೇಳುವ ಮೊದಲೇ ಎಲ್ಲರಿಗೂ ಹಾಗೆಂದು ಹೇಳುತ್ತಿದ್ದ. ಅವನು ಒಂದು ಪದ್ಧತಿಯನ್ನು ಮಾತ್ರ ತಂದ. ಸಂಜೆ ಅಭ್ಯಾಸ ಮುಗಿದ ಮೇಲೆ ನೆನೆಸಿದ ಕಡಲೆ ಹಂಚುವುದು ಆ ಶಾಲೆಯ ರೂಢಿ. ಕಡಲೆ ತೆಗೆದುಕೊಳ್ಳುವ ಮೊದಲು ಪ್ರತಿಯೊಬ್ಬಳೂ ಕಂಬದ ಹತ್ತಿರ ಹೋಗಿ ನಿಂತು ಅಂದಿನ ತನ್ನ ತಪ್ಪನ್ನು ಗಟ್ಟಿಯಾಗಿ ಹೇಳಬೇಕು. "ಇವತ್ತು ನಾನು ಖೋ ಬರುವ ಮೊದಲೇ ಎದ್ದೆ." ಇಷ್ಟು ಹೇಳಿ ಬಂದು ಕಡಲೆ ತಿನ್ನಬಹುದು. ಇದರಿಂದ ಮಕ್ಕಳಲ್ಲಿ ಪ್ರಾಮಾಣಿಕತೆ ಬೆಳೆಯುತ್ತದೆ ಎಂದು ಅವನು ನಂಬಿದ್ದ. ಮುಖ್ಯೋಪಾಧ್ಯಾಯರೂ ಮೆಚ್ಚಿಕೊಂಡರು. ಅವರು ಕಂಬದ ಹತ್ತಿರ ಹೋಗಬೇಕಾಗಿರಲಿಲ್ಲ.

ಆ ತಂಡದಲ್ಲಿ ದಾಕ್ಷಾಯಿಣಿ ಎಂಬ ಹುಡುಗಿ ಇದ್ದಳು. ಅವಳಷ್ಟು ಚುರುಕಾಗಿ ಏಳುವವರು ಆ ಸೀಮೆಯಲ್ಲಿ ಇರಲಿಲ್ಲ. ಎಷ್ಟು ಚುರುಕು ಎಂದರೆ, ಎಷ್ಟೋ ಸಲ ಖೋ ಬಾಯಿಂದ ಹೊರಡುವ ಮೊದಲೇ ಎದ್ದಿರುತ್ತಿದ್ದಳು. ಆದ್ದರಿಂದ ಎಲ್ಲರಿಗಿಂತ ಹೆಚ್ಚು ಫೌಲ್ ಅವಳದೇ. ದಿನವೂ ಕಂಬದ ಹತ್ತಿರ ಹೆಚ್ಚು ಹೊತ್ತು ನಿಲ್ಲುವವಳೂ ಅವಳೇ.

"ಬೇಗ ಹೇಳಿ ಮುಗ್ಸೇ ದಾಕ್ಷಿ, ಕಡಲೆ ಮೊಳಕೆ ಬತ್ತದೆ," ಎಂದು ಗೆಳತಿ ಮಾದೇವಿ ಕೂಗುತ್ತಿದ್ದಳು. ಉಳಿದವರು ನಗುತ್ತಿದ್ದರು. ಮಾದೇವಿಗೆ ಅವಳ ಮೇಲೆ ಪ್ರೀತಿಯೇ ಇತ್ತು. ನಗುವಾಗ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ.

ಸ್ವಲ್ಪ ದಿನದಲ್ಲಿ ದಾಕ್ಷಾಯಿಣಿ ಒಂದು ಉಪಾಯ ಕಂಡುಕೊಂಡಳು. ಖೋ ಬಂದ ಮೇಲೆ ನಿಜವಾಗಿಯೂ ಬಂತೇ ಎಂದು ಮನಸ್ಸಿನಲ್ಲೇ ಒಮ್ಮೆ ಕೇಳಿಕೊಂಡು ಆಮೇಲೆ ಏಳುವುದು. ಅವಳ ಫೌಲ್ ನಿಂತುಹೋಯಿತು. ತರಬೇತುದಾರ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ, "ಇವಳನ್ನು ನೋಡಿ ಕಲಿಯಿರಿ," ಎಂದ. ಅವರು ಕಲಿತರು. ಹೇಳಿದ್ದನ್ನು ಕಲಿಯುವ ಮಕ್ಕಳು. ತಿಂಗಳು ತುಂಬುವುದರೊಳಗೆ ತಂಡದಲ್ಲಿ ಫೌಲ್ ಎಂಬುದೇ ಇಲ್ಲವಾಯಿತು. ಸಂಜೆ ಕಂಬದ ಹತ್ತಿರ ಹೋಗುವವರಿಲ್ಲದೆ ಕಡಲೆ ಬೇಗ ಮುಗಿಯುತ್ತಿತ್ತು.

ತಾಲ್ಲೂಕು ಪಂದ್ಯಕ್ಕೆ ಅವನು ತಂಡವನ್ನು ಕರೆದುಕೊಂಡು ಹೋದ. ಅವನ ಹಳೆಯ ಗೆಳೆಯನೊಬ್ಬ ಅಲ್ಲಿ ಅಂಪೈರ್ ಆಗಿದ್ದ. ಎದುರು ತಂಡದವರು ಸಿಕ್ಕಾಪಟ್ಟೆ ಫೌಲ್ ಮಾಡಿದರು. ಸೀಟಿ ಅವರ ಮೇಲೆಯೇ ಕೂಗಿತು. ಅದರ ನಡುವೆ ಅವರು ಒಬ್ಬೊಬ್ಬಳನ್ನಾಗಿ ಹಿಡಿದು ಹಾಕುತ್ತಾ ಗೆದ್ದರು. ಇವನ ತಂಡದವರು ಒಂದು ಫೌಲನ್ನೂ ಮಾಡದೆ ಸೋತರು.

ಪಂದ್ಯ ಮುಗಿದ ಮೇಲೆ ಗೆಳೆಯ ಬಂದು ಕೈ ಕುಲುಕಿದ. "ಎಂಥಾ ತಂಡ ಕಟ್ಟಿದ್ದೀಯಪ್ಪಾ! ನನ್ನ ಸೀಟಿಗೆ ಕೆಲಸವೇ ಕೊಡಲಿಲ್ಲ."

ತರಬೇತುದಾರ ಈ ಮಾತನ್ನು ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿದ. ಅವರು ಸಂತೋಷಪಟ್ಟು, "ಕಪ್ ಎಲ್ಲಿ?" ಎಂದರು.

"ಅದನ್ನು ಅವರು ತಗೊಂಡು ಹೋದರು," ಎಂದ ಅವನು.

ತಪ್ಪು ಎಲ್ಲಿದೆ ಎಂದು ಅವನು ಕೂತು ಯೋಚಿಸಿದ. ಹುಡುಕುವುದು ಅವನಿಗೆ ಅಭ್ಯಾಸವಾಗಿತ್ತು, ಆದ್ದರಿಂದ ಬೇಗ ಸಿಕ್ಕಿತು. ಹುಡುಗಿಯರು ತಡವಾಗಿ ಏಳುತ್ತಿದ್ದಾರೆ. ಮರುದಿನದಿಂದ ಕಂಬದ ಹತ್ತಿರ ಹೇಳಬೇಕಾದ ತಪ್ಪು ಎರಡಾಯಿತು. ಮೊದಲೇ ಎದ್ದವಳೂ ಹೇಳಬೇಕು, ತಡವಾಗಿ ಎದ್ದವಳೂ ಹೇಳಬೇಕು.

ಒಂದು ಸಂಜೆ ಮಾದೇವಿ ಓಡಿ ಬಂದು ದಾಕ್ಷಾಯಿಣಿಯ ಬೆನ್ನು ಮುಟ್ಟಿ ಖೋ ಎಂದಳು. ದಾಕ್ಷಾಯಿಣಿ ಏಳಲಿಲ್ಲ. ಮಾದೇವಿ ಮತ್ತೆ ಕೂಗಿದಳು. "ಖೋ ಅಂದ್ನಲ್ಲೇ! ಏಳೇ! ಕಿವಿ ಮನೇಲಿ ಬಿಟ್ಟು ಬಂದಿದ್ದೀಯಾ?"

ಅವಳು ಏಳಲೇ ಇಲ್ಲ.

ತರಬೇತುದಾರ ಹತ್ತಿರ ಬಂದ. "ಯಾಕಮ್ಮ ಏಳಲಿಲ್ಲ?"

"ಯಾವ ತಪ್ಪು ಮಾಡ್ಲಿ ಅಂತ ಯೋಚ್ನೆ ಮಾಡ್ತಿದ್ದೆ ಸಾರ್," ಎಂದಳು ದಾಕ್ಷಾಯಿಣಿ.

ಅವಳು ಕೊಬ್ಬಿನಿಂದ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೆ. ಆಮೇಲೆ ಎದ್ದು, ಲಂಗಕ್ಕೆ ಮೆತ್ತಿದ ಮಣ್ಣು ಕೊಡವಿಕೊಂಡು, "ನಾಳೆಯಿಂದ ನಾನು ಬರಲ್ಲ ಸಾರ್," ಎಂದು ಮನೆಗೆ ಹೋದಳು. ಕಡಲೆ ತೆಗೆದುಕೊಳ್ಳಲಿಲ್ಲ. ಅವಳು ಕಡಲೆ ಬಿಟ್ಟು ಹೋದದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

ಆ ಹುಡುಗಿ ಹೋದರೆ ಹೋಗಲಿ ಎಂದು ತರಬೇತುದಾರ ಅಂದುಕೊಳ್ಳಬಹುದಿತ್ತು. ಅವನು ಅಂದುಕೊಳ್ಳಲಿಲ್ಲ. ಅವನಲ್ಲಿ ಇದ್ದ ಒಳ್ಳೆಯ ಗುಣಗಳಲ್ಲಿ ಹಟವೂ ಒಂದು. ಅವಳನ್ನು ಮತ್ತೆ ಆ ಸಾಲಿನಲ್ಲಿ ಕೂರಿಸಬೇಕು, ಖೋ ಬಂದಾಗ ಅವಳು ಏಳಬೇಕು. ಅದು ಆಗುವವರೆಗೆ ತಾನು ಮೈದಾನ ಬಿಡುವುದಿಲ್ಲ ಎಂದು ತೀರ್ಮಾನ ಮಾಡಿದ. ಈ ತೀರ್ಮಾನವನ್ನೂ ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನ ಅವಳ ಮನೆಗೆ ಹೋದ. ತಾಯಿ ಬಾಗಿಲಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು.

"ಬನ್ನಿ ಸಾರ್. ಏನು ತಪ್ಪು ಮಾಡಿದ್ಲು ನಮ್ಮ ಹುಡುಗಿ?"

"ತಪ್ಪೇನೂ ಇಲ್ಲ. ಕರೆಯೋಕೆ ಬಂದೆ."

"ತಪ್ಪಿಲ್ದೆ ಮೇಷ್ಟ್ರು ಮನೆಗೆ ಬರೋದುಂಟಾ? ಹೇಳಿ ಸಾರ್, ಪರವಾಗಿಲ್ಲ."

ಒಳಗಿನಿಂದ ದಾಕ್ಷಾಯಿಣಿಯ ದನಿ ಬಂತು. "ನಾನು ಮನೇಲಿಲ್ಲ ಅಂತ ಹೇಳಮ್ಮ."

"ಅವಳು ಮನೇಲಿಲ್ವಂತೆ ಸಾರ್," ಎಂದಳು ತಾಯಿ.

ತರಬೇತುದಾರ ಹಿಂದಿರುಗಿದ. ಮುಖ್ಯೋಪಾಧ್ಯಾಯರು ಆಗಷ್ಟೇ ಒಂದು ಕಾರ್ಯಾಗಾರಕ್ಕೆ ಹೋಗಿ ಬಂದಿದ್ದರು. "ಈಗ ಮಕ್ಕಳನ್ನು ಹೊಗಳಬೇಕಂತೆ. ನೀವೂ ಹೊಗಳಿ ನೋಡಿ," ಎಂದರು. ತರಬೇತುದಾರ ಉಳಿದ ಹುಡುಗಿಯರನ್ನು ಹೊಗಳತೊಡಗಿದ. ಚೆನ್ನಾಗಿ ಓಡಿದವಳಿಗೆ ಶಹಬಾಸ್ ಎಂದ. ಓಡದೆ ನಿಂತವಳಿಗೂ ಶಹಬಾಸ್ ಎಂದ. ಒಬ್ಬಳು ಕಂಬಕ್ಕೆ ಹಣೆ ತಾಗಿಸಿಕೊಂಡು ಬಿದ್ದಾಗಲೂ, ಅಭ್ಯಾಸಬಲದಿಂದ, ಶಹಬಾಸ್ ಎಂದ. ಆ ಹುಡುಗಿ ಅತ್ತಳು. ಮೊದಲು ನೋವಿಗೆ, ಆಮೇಲೆ ಶಹಬಾಸ್‌ಗೆ.

ಮಾದೇವಿ ಧೈರ್ಯ ಮಾಡಿ ಕೇಳಿದಳು. "ಸಾರ್, ಈಗ ನೀವು ಹೊಗಳಿದ್ರೋ ಬೈದ್ರೋ?"

"ಹೊಗಳಿದೆ."

"ಮುಖ ನೋಡಿದ್ರೆ ಗೊತ್ತಾಗಲ್ಲ ಸಾರ್."

ಅವನು ಮನೆಗೆ ಹೋಗಿ ಕನ್ನಡಿ ನೋಡಿಕೊಂಡ. ಹುಡುಗಿ ಹೇಳಿದ್ದು ಸರಿಯಾಗಿತ್ತು. ಅವನ ಸೀಟಿಯ ದನಿ ಬದಲಾಗಿತ್ತು, ಊದುವವನು ಬದಲಾಗಿರಲಿಲ್ಲ.

ಒಂದು ದಿನ ಅಭ್ಯಾಸಕ್ಕೆ ಇನ್ನೂ ಒಬ್ಬಳು ಕಡಿಮೆಯಾದಳು. ದಾಕ್ಷಾಯಿಣಿಯ ಜಾಗದಲ್ಲಿ ಕೂರಿಸಲು ಯಾರೂ ಉಳಿಯಲಿಲ್ಲ. ಸಾಲು ತುಂಬದೆ ಆಟ ನಡೆಯುವುದಿಲ್ಲ. ಬೇರೆ ದಾರಿ ಕಾಣದೆ ತರಬೇತುದಾರ ತಾನೇ ಹೋಗಿ ಆ ಜಾಗದಲ್ಲಿ, ನೋಯುವ ಮೊಣಕಾಲನ್ನು ಮಡಚಿ ಕುಳಿತ. ಅಷ್ಟು ವರ್ಷ ಆ ಆಟವನ್ನು ಪಕ್ಕದಲ್ಲಿ ನಿಂತು ನೋಡಿದ್ದ. ಬೆನ್ನು ಕೊಟ್ಟು ಕುಳಿತಿರಲಿಲ್ಲ.

ಬೆನ್ನ ಹಿಂದೆ ಕಾಲ ಸಪ್ಪಳ ಬಂತು. ದೂರ ಹೋಯಿತು. ಮತ್ತೆ ಬಂತು. ಓಟಗಾರ್ತಿ ಅವನ ಕಣ್ಣ ಮುಂದೆಯೇ ಹಾದುಹೋದಳು. ಹಿಂದಿನಿಂದ ಸಪ್ಪಳ ತೀರಾ ಹತ್ತಿರವಾಯಿತು. ಅವನು ಎದ್ದುಬಿಟ್ಟ.

ಹಿಂದೆ ನಿಂತಿದ್ದ ಮಾದೇವಿ ಮೆಲ್ಲಗೆ, "ಸಾರ್, ಫೌಲ್," ಎಂದಳು.

"ಫೌಲ್ ಎಲ್ಲಿ ಬಂತು? ನೀನು ಖೋ ಅಂದೆಯಲ್ಲ!"

"ಅನ್ನೋಳಿದ್ದೆ ಸಾರ್. ಇನ್ನೂ ಅಂದಿರ್ಲಿಲ್ಲ."

"ನನಗೆ ಕೇಳಿಸಿತು."

"ನಮಗೂ ಹಂಗೇ ಕೇಳಿಸ್ತಿತ್ತು ಸಾರ್," ಎಂದಳು ಮಾದೇವಿ.

ವಾದ ಮಾಡುವ ಆಟಗಾರರ ಬಗ್ಗೆ ತರಬೇತುದಾರನಿಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ತಾನು ಅವರಲ್ಲೊಬ್ಬನಾಗಿ ವಾದ ಮಾಡುತ್ತಿದ್ದೇನೆ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಬಾಯಿ ಮುಚ್ಚಿದ. ಸಂಜೆಯಾಯಿತು, ಕಡಲೆ ಬಂತು. ಯಾರೂ ಹೇಳದಿದ್ದರೂ ಅವನು ಕಂಬದ ಹತ್ತಿರ ಹೋಗಿ ನಿಂತ. ಹುಡುಗಿಯರು ದಿನವೂ ಹೇಳುತ್ತಿದ್ದ ಆ ಒಂದು ವಾಕ್ಯವನ್ನು ಹೇಳಲು ಅವನು ಮೂರು ಸಲ ಬಾಯಿ ತೆರೆಯಬೇಕಾಯಿತು. ಕೊನೆಗೆ, "ಇವತ್ತು ನಾನು ಖೋ ಬರುವ ಮೊದಲೇ ಎದ್ದೆ," ಎಂದ.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಆ ನಗು ಬೆನ್ನಿನ ಯಾವ ಜಾಗಕ್ಕೆ ಬಂದು ಬೀಳುತ್ತದೆ ಎಂಬುದು ಅಂದು ಅವನಿಗೆ ತಿಳಿಯಿತು. ಇದಕ್ಕಿಂತ ಎರಡೇಟು ಹೊಡೆಯುವುದೇ ಮೇಲಿತ್ತೇನೋ ಎಂದು ಒಂದು ಕ್ಷಣ ಅನ್ನಿಸಿತು. ಆ ಯೋಚನೆಯೂ ಸರಿಯಿಲ್ಲವೆಂದು ಬಿಟ್ಟ.

ಸುದ್ದಿ ದಾಕ್ಷಾಯಿಣಿಯ ಮನೆಯನ್ನು ಬೇಗ ಮುಟ್ಟಿತು. ಮರುದಿನ ಅವಳು ಬಂದಳು. ಆಡಲು ಬರಲಿಲ್ಲ. ಮೈದಾನದ ಮೋಟುಗೋಡೆಯ ಮೇಲೆ ಕೂತು, ಮೇಷ್ಟ್ರು ಫೌಲ್ ಮಾಡುವುದನ್ನು ನೋಡಲು ಬಂದಳು. ಮೇಷ್ಟ್ರು ಅವಳಿಗೆ ನಿರಾಸೆ ಮಾಡಲಿಲ್ಲ. ಅಂದೂ ಅದೇ ಜಾಗದಲ್ಲಿ ಕೂತು ಅದೇ ತಪ್ಪು ಮಾಡಿದ. ದಾಕ್ಷಾಯಿಣಿ ಗೋಡೆಯಿಂದ ಬೀಳುವಷ್ಟು ನಕ್ಕಳು.

ಅವನು ಕುಂಟುತ್ತಾ ಗೋಡೆಯ ಹತ್ತಿರ ಹೋದ. "ಆಡಲು ಬಾ" ಎನ್ನಲಿಲ್ಲ. "ದಾಕ್ಷಾಯಿಣಿ, ನೀನು ಯಾಕೆ ಮೊದಲೇ ಏಳ್ತಿದ್ದೆ?" ಎಂದ.

ಅವಳು ನಗು ನಿಲ್ಲಿಸಿದಳು. ಇಂಥ ಪ್ರಶ್ನೆಯನ್ನು ಅವನು ಮೊದಲೂ ಕೇಳಿದ್ದ. ಆಗ ಅದಕ್ಕೆ ಉತ್ತರ ಬೇಕಾಗಿರಲಿಲ್ಲ. ಈ ಸಲ ಬೇಕಾಗಿದೆ ಎಂದು ಅವಳಿಗೆ ಅನ್ನಿಸಿತು.

"ಮಾದೇವಿ ಖೋ ಅನ್ನೋಕೆ ಮುಂಚೆ ಉಸಿರು ಎಳ್ಕೋತಾಳೆ ಸಾರ್. ಅದು ನನಗೆ ಕೇಳಿಸುತ್ತೆ. ಕೇಳಿಸಿದ ತಕ್ಷಣ ಕಾಲು ಎದ್ದುಬಿಡುತ್ತೆ."

"ಸುಳ್ಳು ಸಾರ್," ಎಂದಳು ಮಾದೇವಿ. "ನಾನೇನು ಉಸಿರು ಎಳ್ಕಳಲ್ಲ."

"ಎಳ್ಕೊಳ್ದೆ ಹೆಂಗೆ ಬದುಕಿದ್ದೀಯೇ?"

ತರಬೇತುದಾರ ಪರೀಕ್ಷೆ ಮಾಡಿದ. ದಾಕ್ಷಾಯಿಣಿ ಗೋಡೆಯ ಕಡೆಗೆ ಮುಖ ಮಾಡಿ ಕೂತಳು. ಹುಡುಗಿಯರು ಒಬ್ಬೊಬ್ಬರಾಗಿ ಹಿಂದಿನಿಂದ ಓಡಿಬಂದರು. ಖೋ ಬರುವ ಮೊದಲೇ ಅವಳು ಹೆಸರು ಹೇಳಿದಳು. ಇವಳು ಮಾದೇವಿ, ಬಾಯಿಂದ ಉಸಿರು ಎಳೆಯುತ್ತಾಳೆ. ಇವಳು ಕೊನೆಯ ಹೆಜ್ಜೆಯನ್ನು ಜೋರಾಗಿ ಇಡುತ್ತಾಳೆ. ಇವಳ ಬಳೆ ಮೊದಲು ಬರುತ್ತದೆ, ಕೈ ಆಮೇಲೆ. ಒಂದೂ ತಪ್ಪಲಿಲ್ಲ.

ತರಬೇತುದಾರ ಗೋಡೆಯ ಮೇಲೆ ಅವಳ ಪಕ್ಕದಲ್ಲಿ ಕುಳಿತ. ಅಂಥ ಕಿವಿಯನ್ನು ಅವನು ತನ್ನ ಆಯುಷ್ಯದಲ್ಲೇ ಕಂಡಿರಲಿಲ್ಲ. ಈಗ ಕಂಡ ಈ ಒಂದನ್ನೂ ತಾನೇ ಕಂಬದ ಹತ್ತಿರ ನಿಲ್ಲಿಸಿ ಮುಚ್ಚಿಸಿದ್ದ.

"ಅದು ನಿನ್ನ ತಪ್ಪಲ್ಲಮ್ಮ. ನಿನ್ನ ಕಿವಿ," ಎಂದ. "ನಾನು ಕಿವಿಗೆ ಫೌಲ್ ಕೊಡ್ತಾ ಇದ್ದೆ."

"ಹಂಗಾದ್ರೆ ಮೊದಲೇ ಏಳಬಹುದಾ ಸಾರ್?"

"ಏಳುವ ಹಾಗಿಲ್ಲ. ನಿಯಮ ನಿಯಮವೇ. ಆದರೆ ಉಸಿರು ಕೇಳಿಸಿದಾಗ ಸಿದ್ಧವಾಗು, ಕೈ ತಾಗಿದಾಗ ಏಳು. ಎರಡರ ನಡುವೆ ಇರುವ ಹೊತ್ತು ಬೇರೆ ಯಾರ ಹತ್ತಿರವೂ ಇಲ್ಲ. ಅದು ನಿನ್ನದು."

ದಾಕ್ಷಾಯಿಣಿ ಯೋಚಿಸಿದಳು. "ಕಂಬದ ಹತ್ತಿರ ಹೋಗಬೇಕಾ?"

"ಓಡುವವಳು ಆ ಕಡೆ ಹೋದರೆ ಹೋಗು," ಎಂದ ಅವನು.

ಅವಳು ಗೋಡೆ ಇಳಿದಳು.

ಇಲ್ಲಿಗೆ ಕತೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಹೆದರಿಕೆಯನ್ನು ಕಲಿಸಲು ತರಬೇತುದಾರ ಶ್ರಮಪಟ್ಟಿರಲಿಲ್ಲ. ಬಿಡಿಸಲು ಮಳೆಗಾಲವೆಲ್ಲ ಹಿಡಿಯಿತು. ಫೌಲ್ ಹಿಡಿಯುವುದಕ್ಕೆ ಪಂದ್ಯದಲ್ಲಿ ಬೇರೆಯವರು ಇರುತ್ತಾರೆ, ಆ ಕೆಲಸವನ್ನು ತಾನು ಬಿಟ್ಟು ಬಂದಾಗಿದೆ ಎಂದು ಅವನು ದಿನವೂ ತನಗೆ ತಾನೇ ಹೇಳಿಕೊಳ್ಳಬೇಕಾಯಿತು. ಯಾರಾದರೂ ಮೊದಲೇ ಎದ್ದರೆ ಅವನ ಕೈ ಸೀಟಿಯನ್ನು ಹುಡುಕುತ್ತಿತ್ತು. ಸೀಟಿಯನ್ನು ಮನೆಯಲ್ಲಿ ಬಿಟ್ಟು ಬರತೊಡಗಿದ. ಆಗ ಬಾಯಿ ತೆರೆಯುತ್ತಿತ್ತು. ಬಾಯಿಗೆ ಕೆಲಸ ಕೊಡಲು ಆಟ ನಡೆಯುವಾಗ ಕಡಲೆ ಜಗಿಯತೊಡಗಿದ.

"ಸಾರ್, ಬೈದುಬಿಡಿ. ಕಡಲೆ ಆದ್ರೂ ಉಳೀತದೆ," ಎಂದಳು ಮಾದೇವಿ.

ಅವನು ಬೈಯಲಿಲ್ಲ, ಸುಮ್ಮಸುಮ್ಮನೆ ಹೊಗಳಲೂ ಇಲ್ಲ. ಒಬ್ಬಳು ತಪ್ಪಿ ಎದ್ದರೆ, "ಏನು ಕೇಳಿಸಿತು?" ಎಂದು ಕೇಳುತ್ತಿದ್ದ. ಅವಳು ಹೇಳುತ್ತಿದ್ದಳು. ಆಟ ಮುಂದುವರಿಯುತ್ತಿತ್ತು. ಸುಸ್ತಾದವಳನ್ನು ಕೂರಿಸುತ್ತಿದ್ದ. ಕಾಲು ಉಳುಕಿದವಳನ್ನು ಮನೆಗೆ ಕಳಿಸುತ್ತಿದ್ದ, ಅವಳು ಎಷ್ಟೇ ಬೇಡಿಕೊಂಡರೂ. ಮಾದೇವಿಗೆ ಮೂಗಿನಿಂದ ಉಸಿರಾಡಲು ಕಲಿಸಿದ. ಅವಳು ಕಲಿತಳು, ಆದರೆ ಅದರ ಬಗ್ಗೆ ತನ್ನ ಅಭಿಪ್ರಾಯವನ್ನು ಬಚ್ಚಿಡಲಿಲ್ಲ.

ದಾಕ್ಷಾಯಿಣಿ ಬೇಗ ಏಳತೊಡಗಿದಳು, ಸರಿಯಾಗಿಯೂ ಏಳತೊಡಗಿದಳು. ಒಂದು ಮಾತ್ರ ಹೋಗಲಿಲ್ಲ. ಎಂದಾದರೂ ತಪ್ಪಿ ಎದ್ದರೆ ತಟ್ಟನೆ ತಿರುಗಿ ಮೇಷ್ಟ್ರ ಮುಖ ನೋಡುತ್ತಿದ್ದಳು. ಹಾಗೆ ನೋಡಿದ ಮೇಲೆ ಬರುವ ಖೋಗೆ ಅವಳು ಏಳುತ್ತಿರಲಿಲ್ಲ. ಪ್ರತಿ ಸಲವೂ ಹಾಗೆಯೇ. ಒಂದು ತಪ್ಪಾಯಿತೆಂದರೆ ಅವಳ ಕಾಲು ಆ ದಿನಕ್ಕೆ ಸತ್ತ ಹಾಗೆ. ತರಬೇತುದಾರ ಏನು ಮಾಡಿದರೂ ಇದು ಬಿಡಲಿಲ್ಲ. ಅವನೂ ಬಿಡಲಿಲ್ಲ. ಹಾಗೆಯೇ ಪಂದ್ಯದ ದಿನ ಬಂತು.

ಅದೇ ತಾಲ್ಲೂಕು, ಅದೇ ಮೈದಾನ. ತೀರ್ಪು ಕೊಡಲು ಅದೇ ಹಳೆಯ ಗೆಳೆಯ. ಈ ಸಲ ಇವರ ತಂಡಕ್ಕೂ ಸೀಟಿ ಊದಬೇಕಾಗಿ ಬಂದದ್ದನ್ನು ನೋಡಿ ಅವನಿಗೆ ಬೇಸರವಾಯಿತು. ಆದರೆ ಇವರೂ ಹಿಡಿಯುತ್ತಿದ್ದರು. ಆಟ ಸರಿಸಮವಾಗಿ ಕೊನೆಯ ನಿಮಿಷಕ್ಕೆ ಬಂತು. ಎದುರು ತಂಡದ ಒಬ್ಬಳು ಉಳಿದಿದ್ದಳು. ಅವಳನ್ನು ಹಿಡಿದರೆ ಗೆಲುವು.

ಮಾದೇವಿ ಅವಳನ್ನು ಅಟ್ಟಿಕೊಂಡು ಬಂದಳು. ಓಡುತ್ತಿದ್ದವಳು ಸಾಲಿನ ಆಚೆಗೆ ನುಸುಳಿ, ದಾಕ್ಷಾಯಿಣಿಯ ಕಣ್ಣ ಮುಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂದಳು. ಅವಸರದಲ್ಲಿ ಮಾದೇವಿ ಮೂಗನ್ನು ಮರೆತು ಬಾಯಿಂದ ಉಸಿರು ಎಳೆದಳು.

ದಾಕ್ಷಾಯಿಣಿ ಎದ್ದಳು. ಸೀಟಿ ಕೂಗಿತು. ಫೌಲ್.

ಓಡುತ್ತಿದ್ದವಳು ತಪ್ಪಿಸಿಕೊಂಡು ಹೋದಳು. ದಾಕ್ಷಾಯಿಣಿ ಮತ್ತೆ ಕುಳಿತಳು. ಕುಳಿತವಳು ತಿರುಗಿ ತರಬೇತುದಾರನ ಮುಖ ನೋಡಿದಳು. ಸಾಲಿನಲ್ಲಿದ್ದ ಎಲ್ಲರೂ ಅವನ ಮುಖ ನೋಡಿದರು. ತೀರ್ಪುಗಾರ ಗೆಳೆಯನೂ ನೋಡಿದ.

ತರಬೇತುದಾರ ಅವರನ್ನು ನೋಡುತ್ತಿರಲಿಲ್ಲ. ಅವನು ತಪ್ಪಿಸಿಕೊಂಡು ಹೋದವಳನ್ನು ನೋಡುತ್ತಿದ್ದ. ಆಟ ಇದ್ದದ್ದು ಅಲ್ಲಿ. ಇಡೀ ಮೈದಾನ ತನ್ನನ್ನು ನೋಡುತ್ತಿರುವುದು ಗೊತ್ತಾದಾಗ ಅವನಿಗೆ ನಿಜವಾಗಿಯೂ ಕೋಪ ಬಂತು.

"ಓಡೋಳನ್ನ ನೋಡೇ ದಾಕ್ಷಿ!" ಎಂದು ಕೂಗಿದ. "ನನ್ನ ಮುಖದಲ್ಲೇನಿದೆ? ಅವಳು ಬತ್ತಾ ಇದ್ದಾಳೆ ನೋಡು!"

ದಾಕ್ಷಾಯಿಣಿ ಮುಖ ತಿರುಗಿಸಿದಳು. ಆಟ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಒಂದು ಸುತ್ತು ಹೋಗಿ ಬಂತು. ಇನ್ನು ಕೆಲವು ಕ್ಷಣಗಳು ಉಳಿದಿದ್ದವು. ಮಾದೇವಿ ಮತ್ತೆ ಅವಳ ಬೆನ್ನ ಹಿಂದಿನಿಂದ ಓಡಿಬಂದಳು. ಕೈ ಚಾಚಿ ಬೆನ್ನು ಮುಟ್ಟಿದಳು. ಖೋ ಎಂದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಮುಂದಕ್ಕೆ ಬಾಗಿ, "ಕಪ್ ಯಾರಿಗೆ ಬಂತು ಬುದ್ಧಿ?" ಎಂದು ಕೇಳಿದ.



"ಹುಡುಗಿ ಎದ್ದಳೇ ಎಂದು ನೀನು ಕೇಳಲಿಲ್ಲ," ಎಂದರು ಗುರುಗಳು. "ಎದ್ದಳು."